ಸಂಕ್ರಮಣದ ದಿನ ಎಣಿಸಿದ ಮಾರ್ಕೆಟು

ಒಣ ಸೀಗಡಿಯ ಕಟ್ಟು ಬಿಚ್ಚಿದವಳು ಚಂಪಾ ಅತ್ತಿಗೆ. ಸೀಗಡಿಯನ್ನು ಕಾವಲಿಗೆ ಸುರಿದು ಕಾಗದವನ್ನು ಒಲೆಗೆ ಹಾಕಲು ಹೊರಟಾಗ, ಊಟಕ್ಕೆ ಕುಳಿತಿದ್ದ ಭೋಜಣ್ಣ ಕೈ ಎತ್ತಿದ.

"ತಡಿ, ಅದು ನನ್ನ ಅಕ್ಷರ."

ಅತ್ತಿಗೆ ಕಾಗದವನ್ನು ನೆಲದ ಮೇಲೆ ಹರಡಿದಳು. ಮೇಲೆ ಪಂಚಾಯತಿನ ನೇರಳೆ ಮೊಹರು, ಕೆಳಗೆ ಅಣ್ಣನ ಗುಂಡಗಿನ ಅಕ್ಷರ, ನಡುವೆ ಅಲ್ಲಲ್ಲಿ ಸೀಗಡಿಯ ಮೀಸೆ.

"ಅಮ್ಮ, ಇದು ಎಲ್ಲಿ ಸಿಕ್ಕಿತು?"

"ಹೊನ್ನೆ ಮರದಲ್ಲಿ," ಎಂದಳು ಅಮ್ಮ. "ಯಾರೋ ಗಂಜಿ ಹಚ್ಚಿ ಅಂಟಿಸಿದ್ದರು. ಒಳ್ಳೆ ದಪ್ಪ ಕಾಗದ. ನಾನು ತೆಗೆಯದಿದ್ದರೆ ಪಕ್ಕದಲ್ಲಿ ಮೀನಿಗೆ ಕೂರುವ ಅಪ್ಪಿಯಕ್ಕ ತೆಗೆಯುತ್ತಿದ್ದಳು."

"ಯಾರೋ ಅಲ್ಲ, ನಾನೇ ಅಂಟಿಸಿದ್ದು. ಅದು ಪಂಚಾಯತಿನ ನೋಟೀಸು. ಎಲ್ಲರೂ ಓದಲಿ ಅಂತ."

"ಆ ಮರದ ಕೆಳಗೆ ಕೂರುವವರಲ್ಲಿ ಓದುವವರು ಯಾರುಂಟು? ಬೆಕ್ಕು ಒಂದುಂಟು, ಅದಕ್ಕೂ ಬರುವುದಿಲ್ಲ."

ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದ ಅಪ್ಪ ನಕ್ಕರು. ಅಣ್ಣ ನಗಲಿಲ್ಲ.

ನಮ್ಮದು ತೆಂಕಪಟ್ಣ, ಕಾಪುವಿನಿಂದ ಮೂರು ಮೈಲು ತೆಂಕಕ್ಕೆ, ಕಡಲ ಬದಿ. ಅಪ್ಪ ಶೀನಣ್ಣ ಮೊದಲು ದಡದಿಂದ ಎಳೆಯುವ ರಂಪಣಿ ಬಲೆಗೆ ಹೋಗುತ್ತಿದ್ದರು. ಮೊಣಕಾಲು ಕೆಟ್ಟ ಮೇಲೆ ಮನೆಯಲ್ಲೇ ಕುಳಿತು ಬಲೆ ರಿಪೇರಿ ಮಾಡುತ್ತಿದ್ದರು. ಅಮ್ಮ ರತ್ನಾವತಿ ಇಪ್ಪತ್ತಾರು ವರ್ಷದಿಂದ ಪೇಟೆಯ ಹೊನ್ನೆ ಮರದ ಕೆಳಗೆ ಮೀನು ಮಾರುವವಳು. ಅಣ್ಣ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಪಂಚಾಯತಿನಲ್ಲಿ ಗುಮಾಸ್ತನಾಗಿ ಎಂಟು ತಿಂಗಳಾಗಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅತ್ತಿಗೆ ಮಲ್ಪೆಯವಳು, ಎಂಟನೇ ಕ್ಲಾಸು ಓದಿದವಳು. ನಾನು ಮೋಹಿನಿ, ಐದಕ್ಕೇ ಶಾಲೆ ಬಿಟ್ಟು ಬೀಡಿ ಕಟ್ಟುವವಳು. ಬೀಡಿ ಕಟ್ಟುವವರ ಕೈಗೆ ಮಾತ್ರ ಕೆಲಸ. ಕಣ್ಣು, ಕಿವಿ ಖಾಲಿ ಇರುತ್ತವೆ. ಹಾಗಾಗಿ ಆ ಆದಿತ್ಯವಾರದ ಜಗಳದ ಒಂದು ಮಾತೂ ನನಗೆ ತಪ್ಪಲಿಲ್ಲ.

"ಎಂತ ಬರೆದಿದ್ದಿ ಅದರಲ್ಲಿ?" ಎಂದು ಅಮ್ಮ ಕೇಳಿದಳು.

"ಹೊಸ ಮೀನು ಮಾರ್ಕೆಟು ಕಟ್ಟುತ್ತಾರೆ, ಹೊನ್ನೆ ಮರದ ಹತ್ತಿರವೇ. ಹಂಚಿನ ಮಾಡು, ಕಲ್ಲಿನ ಕಟ್ಟೆ, ಎಲ್ಲ ಉಂಟು. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರವಣಿಗೆಯಲ್ಲಿ ಕೊಡಬೇಕು. ಇನ್ನು ಹತ್ತೊಂಬತ್ತು ದಿನ ಉಂಟು."

ಅಮ್ಮನ ಮುಖ ಅರಳಿತು. "ಹಂಚಿನ ಮಾಡಾ? ಒಳ್ಳೆಯದಾಯಿತಲ್ಲ. ಆಕ್ಷೇಪಣೆ ಯಾರಿಗೆ? ಮುಖ ಯಾವ ಕಡೆಗೆ?"

"ರಸ್ತೆಯ ಕಡೆಗೆ."

"ರಸ್ತೆ ಇರುವುದು ಪಡುವಣಕ್ಕೆ. ಮಳೆಗೆ ಬಾಯಿ ಬಿಟ್ಟು ಕೂರುವುದಾ ನಾವು? ಕಟ್ಟೆ ಎಷ್ಟು ಎತ್ತರ?"

"ಮೂರು ಅಡಿ."

"ಅಪ್ಪಿಯಕ್ಕನಿಗೆ ಎಪ್ಪತ್ತಾಯಿತು. ಅವಳನ್ನು ಯಾರು ಎತ್ತಿ ಇಡುವುದು, ಚೇರ್ಮನ್ ಶೆಟ್ರಾ?"

"ಅಮ್ಮ, ಅದು ಸ್ಯಾನಿಟರಿ ಪದ್ಧತಿ."

"ಆಗಲಿ. ಎಷ್ಟು ಕಟ್ಟೆ?"

ಅಣ್ಣ ಅನ್ನ ಕಲಸುತ್ತ, ತಲೆ ಎತ್ತದೆ, "ಹದಿನಾಲ್ಕು. ಚೀಟಿ ಎತ್ತಿ ಕೊಡುತ್ತಾರೆ. ಆಮೇಲೆ ರಸ್ತೆ ಬದಿಯಲ್ಲಿ ಯಾರೂ ಕೂರುವಂತಿಲ್ಲ," ಎಂದ.

ಅತ್ತಿಗೆಯ ಕೈಯ ಸಟ್ಟುಗ ಕಾವಲಿಯಲ್ಲೇ ನಿಂತಿತು. ಅಮ್ಮ ಮೆಲ್ಲನೆ ಹೇಳಿದಳು: "ನಾವು ಇಪ್ಪತ್ತಮೂರು ಜನ."

"ಓವರ್‌ಸಿಯರ್ ಬಂದು ಎಣಿಸಿದ್ದಾರೆ. ಹದಿನಾಲ್ಕೇ ಇದ್ದದ್ದು. ನಾನೂ ಜೊತೆಗಿದ್ದೆ."

"ಯಾವ ದಿನ?"

"ಜನವರಿ ಹದಿನಾಲ್ಕು."

ಅತ್ತಿಗೆ ಗೋಡೆಯ ಕ್ಯಾಲೆಂಡರಿನ ಹಿಂದಿನ ಹಾಳೆಗಳನ್ನು ಎತ್ತಿ ನೋಡಿದಳು. "ಮಕರ ಸಂಕ್ರಮಣ," ಎಂದಳು.

ಸಂಕ್ರಮಣಕ್ಕೆ ನಮ್ಮ ಊರಿನ ಅರ್ಧ ಮನೆಗಳಲ್ಲಿ ಮೀನು ಬೇಯುವುದಿಲ್ಲ. ಕೊಳ್ಳುವವರು ಅರ್ಧವಾದ ದಿನ ಎಲ್ಲರೂ ಬುಟ್ಟಿ ಹೊರುತ್ತಾರಾ? ಅದು ಗೊತ್ತಿಲ್ಲದ ಮಗು ತೆಂಕಪಟ್ಣದಲ್ಲಿ ಇಲ್ಲ.

"ಆ ದಿನ ನಾನು ಎಲ್ಲಿದ್ದೆ ಭೋಜ?"

"ಇಲ್ಲೇ."

"ಎಂತ ಮಾಡುತ್ತಿದ್ದೆ?"

"ಅಂಗಳ ಸಾರಿಸುತ್ತಿದ್ದೆ. ನನಗೆ ಬುತ್ತಿ ಕಟ್ಟಿ ಕೊಟ್ಟೆ."

"ನಾನು ಕಟ್ಟಿದ ಬುತ್ತಿ ಹಿಡಿದುಕೊಂಡು ಹೋಗಿ, ನನ್ನನ್ನೇ ಬಿಟ್ಟು ಎಣಿಸಿ ಬಂದೆಯಲ್ಲ ಮಾರಾಯ."

ಅಣ್ಣ ಕೈ ತೊಳೆದು ಎದ್ದ. ಸೀಗಡಿ ಚಟ್ನಿಯನ್ನು ಆ ದಿನ ಯಾರೂ ಮುಟ್ಟಲಿಲ್ಲ, ಅಪ್ಪ ಒಬ್ಬರನ್ನು ಬಿಟ್ಟು. "ಜಗಳ ನಿಮ್ಮದು, ಚಟ್ನಿ ಎಂತ ಮಾಡಿದೆ?" ಎಂದು ಅವರು ಎರಡು ಸಲ ಹಾಕಿಸಿಕೊಂಡರು.

ಮರುದಿನದಿಂದ ಅಣ್ಣನ ತಟ್ಟೆಗೆ ಮೀನು ಬೀಳುವುದು ನಿಂತಿತು. ನಮಗೆಲ್ಲ ಬಂಗುಡೆ ಸಾರು, ಅವನಿಗೆ ಹುರುಳಿ ಸಾರು ಮತ್ತು ಮಾವಿನ ಮಿಡಿ. ಬಡಿಸುವಾಗ ಅಮ್ಮನ ಮುಖದಲ್ಲಿ ಸಿಟ್ಟೂ ಇರುತ್ತಿರಲಿಲ್ಲ. ದೇವಸ್ಥಾನದ ಭಟ್ಟರು ತೀರ್ಥ ಕೊಡುವ ಹಾಗೆ ಬಡಿಸುತ್ತಿದ್ದಳು.

"ಇದು ಎಷ್ಟು ದಿನ?" ಎಂದು ಅಣ್ಣ ಕೇಳಿದ.

"ಈ ಮನೆಗೆ ಮೀನು ತರುವ ಹೆಂಗಸು ಲೆಕ್ಕದಲ್ಲಿ ಇಲ್ಲ. ಇಲ್ಲದ ಹೆಂಗಸು ತಂದ ಮೀನು ಗುಮಾಸ್ತರ ತಟ್ಟೆಗೆ ಹೇಗೆ ಬರುವುದು?"

ಮೂರನೆಯ ದಿನ ಅತ್ತಿಗೆಗೆ ಮನಸ್ಸು ತಡೆಯಲಿಲ್ಲ. ಅನ್ನದ ಅಡಿಯಲ್ಲಿ ಒಂದು ತುಂಡು ಬಂಗುಡೆ ಅಡಗಿಸಿ ಇಟ್ಟಳು. ಅಣ್ಣ ತಲೆ ತಗ್ಗಿಸಿ ಬೇಗಬೇಗ ಉಂಡ. ಅಮ್ಮ ತಟ್ಟೆ ಎತ್ತುವಾಗ ಅದರ ಅಂಚಿನಲ್ಲಿ ಬಾಚಣಿಗೆಯಂಥ ಮುಳ್ಳು ಇತ್ತು.

"ಚಂಪಾ, ಹುರುಳಿಗೆ ಮುಳ್ಳು ಯಾವಾಗಿನಿಂದ ಬಂತು?"

ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು. ಅಮ್ಮನೂ ನಕ್ಕಳು. ಆದರೆ ಮರುದಿನ ಮತ್ತೆ ಹುರುಳಿಯೇ.

ಗುರುವಾರ ಮಧ್ಯಾಹ್ನ ಅಪ್ಪಿಯಕ್ಕ, ಇನ್ನೂ ಐದಾರು ಹೆಂಗಸರು ನಮ್ಮ ಜಗಲಿಗೆ ಬಂದು ಕುಳಿತರು. ಚೀಟಿ ಎತ್ತುವ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ಮುಟ್ಟಿತ್ತು. ಒಬ್ಬರ ಹಣೆಗೆ ಸಿಕ್ಕಿದರೆ ಇನ್ನೊಬ್ಬರ ಹಣೆಗೆ ಇಲ್ಲ. ಇಪ್ಪತ್ತು ಮೂವತ್ತು ವರ್ಷ ಒಬ್ಬಳ ಬುಟ್ಟಿಯನ್ನು ಇನ್ನೊಬ್ಬಳು ತಲೆಯಿಂದ ಇಳಿಸಿಕೊಂಡು ಬಂದವರು, ಈಗ ಒಬ್ಬರ ಮುಖ ಒಬ್ಬರು ನೋಡಲು ಹೆದರುತ್ತಿದ್ದರು.

"ಬರವಣಿಗೆಯಲ್ಲಿ ಕೊಡಬೇಕಂತೆ," ಎಂದಳು ಅಮ್ಮ. "ಮೋಹಿನಿ, ಕಾಗದ ತೆಗೆ."

"ನಾನಾ? ನನ್ನದು ಐದನೇ ಕ್ಲಾಸು ಅಮ್ಮ. ಅತ್ತಿಗೆ ಬರೆಯಲಿ."

ಅತ್ತಿಗೆ ತಲೆ ಅಲ್ಲಾಡಿಸಿದಳು. "ನನ್ನ ಅಕ್ಷರ ಇವರಿಗೆ ಗೊತ್ತಾಗುತ್ತದೆ. ಮದುವೆಗೆ ಮೊದಲು ಎರಡು ಕಾಗದ ಬರೆದಿದ್ದೆ. ನಾನು ಹೇಳುತ್ತೇನೆ, ನೀನು ಬರೆ."

ಎರಡು ಕಾಗದದ ಸುದ್ದಿ ಅಪ್ಪಿಯಕ್ಕನ ಕಿವಿಗೆ ಬಿತ್ತು. ಅದನ್ನು ಮುಗಿಸಿ ಆಕ್ಷೇಪಣೆಗೆ ಬರುವಾಗ ಒಂದು ಗಂಟೆ ಹೋಯಿತು.

"ಬರೆ," ಎಂದಳು ಅಮ್ಮ. "ಮಳೆ ನಮ್ಮ ಮುಖಕ್ಕೆ ಹೊಡೆಯುವ ಹಾಗೆ ಪ್ಲಾನು ಮಾಡಿದವನ ಮುಖಕ್ಕೇ ಆ ಮಳೆ ಹೊಡೆಯಲಿ."

"ಮಳೆಗಾಲದಲ್ಲಿ ವ್ಯಾಪಾರಕ್ಕೆ ತೊಂದರೆಯಾಗುತ್ತದೆ," ಎಂದು ಅತ್ತಿಗೆ ನನಗೆ ಹೇಳಿದಳು.

"ಸಂಕ್ರಮಣಕ್ಕೆ ಮೀನು ಮಾರ್ಕೆಟು ಎಣಿಸುವವನು ಏಕಾದಶಿಗೆ ಹೋಟೆಲು ಎಣಿಸಲಿ."

"ಎಣಿಕೆ ಸರಿಯಾದ ದಿನ ನಡೆದಿಲ್ಲ."

"ಚೀಟಿ ಎತ್ತಿದರೆ ನಾವು ಒಬ್ಬರೂ ಹೋಗುವುದಿಲ್ಲ. ಕೂತರೆ ಇಪ್ಪತ್ತಮೂರು, ಎದ್ದರೆ ಇಪ್ಪತ್ತಮೂರು."

ಅತ್ತಿಗೆ ಸ್ವಲ್ಪ ಯೋಚಿಸಿದಳು. "ಅದನ್ನು ಹಾಗೇ ಬರೆ," ಎಂದಳು.

ಸಹಿಗೆ ಉಳಿದವರನ್ನೂ ಕರೆಸಿದರು, ಆದರೆ ಹೆಬ್ಬೆಟ್ಟಿಗೆ ಶಾಯಿ ಇಲ್ಲ. ಸಾಯಂಕಾಲ ಅಣ್ಣ ಬಾವಿಕಟ್ಟೆಗೆ ಸ್ನಾನಕ್ಕೆ ಹೋದಾಗ, ಅತ್ತಿಗೆಯೇ ಅವನ ಕೈಚೀಲದಿಂದ ಪಂಚಾಯತಿನ ಸ್ಟ್ಯಾಂಪ್ ಪ್ಯಾಡು ತೆಗೆದು ಕೊಟ್ಟಳು. ಇಪ್ಪತ್ತಮೂರು ಹೆಬ್ಬೆಟ್ಟುಗಳು ನೇರಳೆ ಬಣ್ಣದಲ್ಲಿ ಎರಡು ಸಾಲಾಗಿ ಬಿದ್ದವು. ಅಣ್ಣ ಮೈ ಒರೆಸಿಕೊಂಡು ಬರುವಾಗ ಪ್ಯಾಡು ಚೀಲದಲ್ಲಿತ್ತು, ಹೆಂಗಸರು ಬೇಲಿ ದಾಟುತ್ತಿದ್ದರು.

"ಎಲ್ಲರ ಕೈ ಯಾಕೆ ನೇರಳೆಯಾಗಿದೆ?" ಎಂದ.

"ನೇರಳೆ ಹಣ್ಣು," ಎಂದರು ಅಪ್ಪ.

"ಮಾರ್ಚ್ ತಿಂಗಳಲ್ಲಾ?"

"ಈ ಸಲ ಬೇಗ."

ಅಮ್ಮ ಕಾಗದವನ್ನು ಅವನ ಕೈಗೆ ಕೊಟ್ಟಳು. ಅವನು ಓದಿದ. ಓದುತ್ತ ಓದುತ್ತ ಕಿವಿ ಕೆಂಪಾಯಿತು.

"ಅಮ್ಮ, ಚೇರ್ಮನ್ನರು ಮುಂದಿನ ತಿಂಗಳು ನನ್ನ ಖಾಯಂ ಕಾಗದಕ್ಕೆ ಸಹಿ ಮಾಡಬೇಕು. ಗುಮಾಸ್ತನ ತಾಯಿಯೇ ಆಕ್ಷೇಪಣೆ ಕೊಟ್ಟರೆ ನನ್ನ ಗತಿ ಎಂತ?"

"ನೀನು ಖಾಯಂ ಆಗಬೇಕು, ಸರಿ. ನಾನು ಖಾಯಂ ಆಗುವುದು ಬೇಡವಾ? ನನಗೆ ಇಪ್ಪತ್ತಾರು ವರ್ಷ ಆಯಿತು."

ಅಣ್ಣ ಕಾಗದ ಮಡಚಿ ವಾಪಸು ಕೊಟ್ಟ. "ಮನೆಯಲ್ಲಿ ತೆಗೆದುಕೊಳ್ಳುವಂತಿಲ್ಲ. ಆಫೀಸಿಗೆ ತನ್ನಿ."

"ತರುತ್ತೇನೆ."

ಮರುದಿನ ಬೆಳಿಗ್ಗೆ ಅಮ್ಮ ಹೋದಳು, ಜೊತೆಗೆ ನಾನು. ಬಲೆ ಎಳೆಯುವ ಹೊತ್ತು ಅದು. ಒಂದು ದಿನದ ವ್ಯಾಪಾರ ಬಿಟ್ಟು ಬಂದಿದ್ದಳು. ಆಫೀಸಿನಲ್ಲಿ ಒಳಗೆ ಚೇರ್ಮನ್ ಕಿಟ್ಟ ಶೆಟ್ರು ಪೇಪರು ಓದುತ್ತಿದ್ದರು. ಹೊರಗಿನ ಮೇಜಿನಲ್ಲಿ ಅಣ್ಣ. ನಮ್ಮನ್ನು ನೋಡಿ ಪೆನ್ನು ಶಾಯಿಗೆ ಅದ್ದಿದ.

"ಹೆಸರು?"

"ಯಾರದ್ದು?"

"ಅರ್ಜಿ ಕೊಡುವವರದ್ದು."

"ನಿನಗೆ ಗೊತ್ತಿಲ್ಲವಾ?"

"ಕೇಳಿ ಬರೆಯಬೇಕು ಅಂತ ರೂಲ್ಸು ಉಂಟು." ಅವನು ಒಳಗಿನ ಬಾಗಿಲನ್ನು ನೋಡಿದ. "ಹೆಸರು?"

"ರತ್ನಾವತಿ."

"ಗಂಡನ ಹೆಸರು?"

ಗಂಡನ ಹೆಸರನ್ನು ಅಮ್ಮ ಈವರೆಗೆ ಬಾಯಿಬಿಟ್ಟು ಹೇಳಿದವಳಲ್ಲ. ಊರಿನ ದೈವ, ಭೂತದ ಮುಂದೆ ಹರಕೆ ಹೇಳುವಾಗ ಕೂಡ "ಇವರು" ಎಂದೇ ಹೇಳುವುದು.

"ಗಂಡನ ಹೆಸರು?"

"ನಿನ್ನ ಅಪ್ಪನ ಹೆಸರು."

"ಅರ್ಜಿದಾರರೇ ಹೇಳಬೇಕು."

"ಹಾಗಾದರೆ ನಿನ್ನ ಅಪ್ಪನ ಹೆಸರು ಎಂತ ಅಂತ ನೀನು ಹೇಳು. ಸರಿಯಾ ತಪ್ಪಾ ಅಂತ ನಾನು ಹೇಳುತ್ತೇನೆ."

ಒಳಗಿನಿಂದ ಶೆಟ್ರ ಕೆಮ್ಮು ಕೇಳಿಸಿತು. ಅದು ಕೆಮ್ಮೋ ನಗೆಯೋ ನನಗೆ ತಿಳಿಯಲಿಲ್ಲ. ಅಣ್ಣ "ಶೀನ" ಎಂದು ಬರೆದು, "ಉದ್ಯೋಗ?" ಎಂದ.

"ಮಗನನ್ನು ಎಸ್ಸೆಸ್ಸೆಲ್ಸಿ ಓದಿಸುವುದು," ಎಂದಳು ಅಮ್ಮ.

ಅಣ್ಣನ ಪೆನ್ನು ನಿಂತಿತು. ಮತ್ತೆ ಶಾಯಿಗೆ ಅದ್ದಿ 'ಮೀನು ವ್ಯಾಪಾರ' ಎಂದು ಬರೆದು, ಅರ್ಜಿಗೆ ಮೊಹರು ಹೊಡೆದ. ಮೊಹರಿನ ಬಣ್ಣವೂ ಹೆಬ್ಬೆಟ್ಟಿನ ಬಣ್ಣವೂ ಒಂದೇ ಎಂದು ಅವನಿಗೆ ಆಗ ಕಂಡಿರಬೇಕು. ಪ್ಯಾಡನ್ನು ನೋಡಿದ, ನನ್ನನ್ನು ನೋಡಿದ. ನಾನು ಗೋಡೆಯ ಗಾಂಧೀಜಿಯನ್ನು ನೋಡಿದೆ.

ಸಾಯಂಕಾಲ ಅಣ್ಣ ಬೇಗ ಬಂದ. ಅಂಗಿ ಬಿಚ್ಚದೆ ಅಪ್ಪನ ಬಳಿ ಜಗಲಿಯಲ್ಲಿ ಕುಳಿತ.

"ಶೆಟ್ರು ಎಂತ ಹೇಳಿದರು?" ಎಂದು ಅಪ್ಪ ಕೇಳಿದರು.

"ಮನೆಯೊಳಗೇ ಸರಿ ಮಾಡಿಕೊಳ್ಳಬಾರದಾ ಅಂದರು. ಸೋಮವಾರದೊಳಗೆ ಅಮ್ಮ ಅರ್ಜಿ ವಾಪಸು ತೆಗೆದರೆ ಎಲ್ಲರಿಗೂ ಒಳ್ಳೆಯದು ಅಂದರು."

"ನೀನು ಎಂತ ಹೇಳಿದೆ?"

"ಕೇಳಿ ನೋಡುತ್ತೇನೆ ಅಂದೆ."

"ಅಮ್ಮ ಒಳಗಿದ್ದಾಳೆ. ಕೇಳು."

ಅಣ್ಣ ಏಳಲಿಲ್ಲ. ಅಪ್ಪ ಬಲೆಯ ಹರಿದ ಕಣ್ಣನ್ನು ಬೆರಳಲ್ಲಿ ಹುಡುಕುತ್ತಿದ್ದರು. ಅಣ್ಣನೇ ಮಾತು ತೆಗೆದ.

"ಆ ದಿನ ಸಂಕ್ರಮಣ ಅಂತ ನನಗೆ ನೆನಪಿತ್ತು ಅಪ್ಪ. ಓವರ್‌ಸಿಯರ್ ಅವಸರದಲ್ಲಿದ್ದರು, ಉಡುಪಿಗೆ ಹನ್ನೊಂದರ ಬಸ್ಸು ಹಿಡಿಯಬೇಕಿತ್ತು. ನಾನು ಹೊಸಬ. ಇವನು ಮೀನಿನವಳ ಮಗ, ಅದಕ್ಕೆ ಹೆಚ್ಚು ಹೇಳುತ್ತಾನೆ ಅಂತ ತಿಳಿದುಕೊಂಡರೆ ಅಂತ ಬಾಯಿ ಬಿಡಲಿಲ್ಲ."

"ಮೀನಿನವಳ ಮಗ ಹೌದಲ್ಲ."

"ಹೌದು."

"ಮತ್ತೆ? ಹೇಳಿದರೆ ಅವರಿಗೆ ಹೊಸತು ಎಂತ ಗೊತ್ತಾಗುತ್ತಿತ್ತು?"

ಅಣ್ಣನ ಮುಖದಲ್ಲಿ ಸಣ್ಣ ನಗು ಬಂತು. ಒಳಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅಮ್ಮ ಮೆಟ್ಟುಕತ್ತಿಯ ಮುಂದೆ ಕುಳಿತು ಭೂತಾಯಿ ಮೀನು ಹೆಚ್ಚುತ್ತಿದ್ದಳು.

"ನಾಳೆ ನಾನೊಂದು ಟಿಪ್ಪಣಿ ಬರೆಯುತ್ತೇನೆ. ಎಣಿಕೆ ತಪ್ಪಿದ್ದು ನನ್ನಿಂದ ಅಂತ. ಆಕ್ಷೇಪಣೆ ಬಂದಿರುವುದರಿಂದ ಜಾಗದಲ್ಲೇ ವಿಚಾರಣೆ ಆಗಬೇಕು, ಎಲ್ಲರೂ ಇರುವ ಹೊತ್ತಿಗೆ ಅಂತ."

"ಶೆಟ್ರು ಬೈಯುತ್ತಾರೆ," ಎಂದಳು ಅಮ್ಮ.

"ಬೈಯಲಿ. ನಿನ್ನದಕ್ಕಿಂತ ಹೆಚ್ಚು ಬೈಯಲಿಕ್ಕೆ ಅವರಿಗೆ ಬರುವುದಿಲ್ಲ."

ಆ ರಾತ್ರಿ ಅವನ ತಟ್ಟೆಗೆ ಏಳು ಭೂತಾಯಿ ಬಿದ್ದವು. ಅಪ್ಪನಿಗೆ ನಾಲ್ಕು. "ತಪ್ಪು ಮಾಡಿದವನಿಗೆ ಏಳು, ಮಾಡದವನಿಗೆ ನಾಲ್ಕು. ಇದೂ ಒಂದು ಎಣಿಕೆ," ಎಂದರು ಅಪ್ಪ.

ಶೆಟ್ರು ಬೈದರು. ಆದರೆ ಇಪ್ಪತ್ತಮೂರು ಹೆಬ್ಬೆಟ್ಟು ಒತ್ತಿದ ಕಾಗದ, ಅದರ ಮೇಲೆ ಗುಮಾಸ್ತನ ಟಿಪ್ಪಣಿ. ಎರಡನ್ನೂ ಬದಿಗಿಡುವುದು ಸುಲಭವಿರಲಿಲ್ಲ. ಅಲ್ಲಿಂದ ಮೂರನೆಯ ಬುಧವಾರ ಹನ್ನೊಂದೂವರೆಗೆ ಹೊನ್ನೆ ಮರದ ಬಳಿ ವಿಚಾರಣೆ ಎಂದು ನಿಗದಿಯಾಯಿತು. ಉಡುಪಿಯಿಂದ ಓವರ್‌ಸಿಯರ್ ಕೂಡ ಬರುತ್ತಾರೆಂದು ಅಣ್ಣ ಹೇಳಿದ.

"ನಕ್ಷೆ ತೋರಿಸುತ್ತಾರೆ, ನೀವು ನೋಡಿ ಹೇಳಬೇಕು," ಎಂದ.

"ನಕ್ಷೆಯಲ್ಲಿ ಎಂತ ಕಾಣುತ್ತದೆ?" ಎಂದರು ಅಪ್ಪ. "ಹೊಸ ಬಲೆಯನ್ನು ನಾವು ಕಾಗದದಲ್ಲಿ ನೋಡುತ್ತೇವಾ? ಮರಳಿನಲ್ಲಿ ಹಾಸಿ ನೋಡುತ್ತೇವೆ. ಮಾರ್ಕೆಟನ್ನೂ ಹಾಸಿ ನೋಡಿ."

ಮಂಗಳವಾರ ಸಾಯಂಕಾಲ ಅಪ್ಪ ಕೋಲೂರಿಕೊಂಡು, ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಪೇಟೆಗೆ ಬಂದರು. ಅಣ್ಣ ನಕ್ಷೆ ನೋಡಿ ಅಡಿ ಹೇಳಿದ. ಅಪ್ಪ ಹಗ್ಗ ಎಳೆದು ಗೂಟ ಹೊಡೆಸಿದರು. ಅತ್ತಿಗೆ ಮತ್ತು ನಾನು ಗೆರಸೆಯಲ್ಲಿ ಸುಣ್ಣದ ಹುಡಿ ಹಿಡಿದು ಹಗ್ಗದ ಗುಂಟ ಬಿಟ್ಟೆವು. ಹದಿನಾಲ್ಕು ಚೌಕಗಳು, ಏಳರ ಎರಡು ಸಾಲು, ನಡುವೆ ದಾರಿ. ಕಾಗದದಲ್ಲಿ ಅದು ಚಂದ ಇತ್ತು. ನೆಲದಲ್ಲಿ ಕೋಳಿಗೂಡಿನ ಹಾಗೆ ಕಂಡಿತು.

ಬುಧವಾರ ಶೆಟ್ರು ಕೊಡೆ ಹಿಡಿದು ಬಂದರು. ಓವರ್‌ಸಿಯರ್ ಲಿಯೋನೆಲ್ ಚಿಕ್ಕ ಪ್ರಾಯದವರು, ಕಾಲಿಗೆ ಬೂಟ್ಸು. ಕ್ರಿಶ್ಚಿಯನ್ ಗಂಡಸರನ್ನು ನಮ್ಮಲ್ಲಿ ಪೊರ್ಬುಗಳು ಎಂದು ಕರೆಯುವುದು; ಅಮ್ಮನೂ ಹಾಗೆಯೇ ಕರೆದಳು.

"ಪೊರ್ಬುಗಳೇ, ಇದು ನಿಮ್ಮ ಮಾರ್ಕೆಟು. ಈಗ ನಾವು ಕೂತು ನೋಡುತ್ತೇವೆ."

ಹೆಂಗಸರು ಬಂದು ಕುಳಿತರು. ಒಬ್ಬೊಬ್ಬರಿಗೆ ಬುಟ್ಟಿ, ಮೆಟ್ಟುಕತ್ತಿ, ನೀರಿನ ಮಡಕೆ, ಎಲೆಯ ಕಟ್ಟು, ಸಾಲದ್ದಕ್ಕೆ ಮೊಣಕಾಲು. ಹದಿನಾಲ್ಕು ಜನ ಚೌಕದೊಳಗೆ ತುಂಬಿದಾಗ ಒಬ್ಬಳ ಕತ್ತಿ ಇನ್ನೊಬ್ಬಳ ಸೀರೆಯಲ್ಲಿತ್ತು. ಒಂಬತ್ತು ಜನ ಬುಟ್ಟಿ ಹೊತ್ತುಕೊಂಡು ಹೊರಗೆ ನಿಂತಿದ್ದರು.

"ಇವರು?" ಎಂದು ಲಿಯೋನೆಲ್ ಕೇಳಿದರು.

"ಇವರು ಸಂಕ್ರಮಣಕ್ಕೆ ಮನೆಯಲ್ಲಿದ್ದವರು," ಎಂದಳು ಅಮ್ಮ. ಅವಳೂ ಆ ಒಂಬತ್ತರಲ್ಲಿ ಒಬ್ಬಳು.

ಲಿಯೋನೆಲ್ ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು. "ನಮ್ಮಲ್ಲಿ ಶುಕ್ರವಾರ ಮೀನು ಮಾತ್ರ, ಮಾಂಸ ಇಲ್ಲ. ನಿಮ್ಮಲ್ಲಿ ಸಂಕ್ರಮಣಕ್ಕೆ ಮೀನೇ ಇಲ್ಲ ಅಂತ ನನಗೆ ಗೊತ್ತಿರಲಿಲ್ಲ."

"ನಿಮ್ಮ ತಪ್ಪಲ್ಲ," ಎಂದ ಅಣ್ಣ, ಎಲ್ಲರಿಗೂ ಕೇಳುವ ಹಾಗೆ. "ನನಗೆ ಗೊತ್ತಿತ್ತು."

ಅಷ್ಟರಲ್ಲಿ ದಿನವೂ ಮೀನಿಗೆ ಬರುವ ತೆರೆಸಾ ಬಾಯಮ್ಮ ಚೀಲ, ಕೊಡೆ ಹಿಡಿದು ಬಂದರು. ಗಟ್ಟಿಮುಟ್ಟಿನ ಹೆಂಗಸು. ವಿಚಾರಣೆಯ ಗೊಡವೆ ಇಲ್ಲದೆ ನೇರ ಸುಣ್ಣದ ದಾರಿಯೊಳಗೆ ನಡೆದರು, ಅರ್ಧದಲ್ಲಿ ಎರಡು ಬುಟ್ಟಿಗಳ ನಡುವೆ ಸಿಕ್ಕಿಕೊಂಡರು.

"ಇದು ಎಂತ ಮಾಡಿದ್ದು ರತ್ನಕ್ಕ? ಹಿಂದೆ ಬರಲಿಕ್ಕಾಗುವುದಿಲ್ಲ, ಮುಂದೆ ಹೋಗಲಿಕ್ಕಾಗುವುದಿಲ್ಲ."

"ಪಂಚಾಯತಿನ ಪ್ಲಾನು ಬಾಯಮ್ಮ."

"ಹಾಗಾದರೆ ಪಂಚಾಯತಿನವರೇ ಬಂದು ತೆಗೆಯಲಿ ನನ್ನನ್ನು."

ಲಿಯೋನೆಲ್ ಓಡಿ ಹೋಗಿ ಒಂದು ಬುಟ್ಟಿ ಎತ್ತಿದರು. ಅವರ ಬಿಳಿ ಅಂಗಿಗೆ ಮೀನಿನ ನೀರು ಇಳಿಯಿತು. ಹೆಂಗಸರು ನಗುವುದನ್ನು ನೋಡಿ ಅವರೂ ನಕ್ಕರು. ಆಮೇಲೆ ಪುಸ್ತಕ ತೆಗೆದು ಕೇಳಿದರು: "ಮಳೆ ಯಾವ ಕಡೆಯಿಂದ ಬರುತ್ತದೆ?"

ಇಪ್ಪತ್ತಮೂರು ಕೈಗಳು ಒಟ್ಟಿಗೆ ಎದ್ದು ಕಡಲ ಕಡೆಗೆ ತೋರಿಸಿದವು. ತೆರೆಸಾ ಬಾಯಮ್ಮನ ಕೊಡೆಯೂ ಅತ್ತ ತಿರುಗಿತು.

"ಗೋಡೆ ಪಡುವಣಕ್ಕೆ ಇರಬೇಕು, ಬಾಯಿ ಮೂಡಣಕ್ಕೆ," ಎಂದಳು ಅಮ್ಮ. "ಕಟ್ಟೆ ಒಂದು ಗೇಣು ಸಾಕು. ಕಟ್ಟೆಗಳ ನಡುವಿನ ಅಡ್ಡಗೋಡೆ ಬೇಡ. ಅಷ್ಟು ಮುರಕಲ್ಲು ಉಳಿಯುತ್ತದಲ್ಲ, ಅದರ ಹಣದಲ್ಲಿ ಮಾಡನ್ನು ಉದ್ದ ಮಾಡಿ."

ಲಿಯೋನೆಲ್ ಪೆನ್ಸಿಲಿನಲ್ಲಿ ಗುಣಿಸಿದರು, ಭಾಗಿಸಿದರು. "ಆಗುತ್ತದೆ," ಎಂದರು. "ಇಪ್ಪತ್ತನಾಲ್ಕು ಜನ ಹಿಡಿಯುತ್ತಾರೆ."

ಎಲ್ಲರೂ ಶೆಟ್ರ ಮುಖ ನೋಡಿದರು. ಅವರು ಕೊಡೆಯ ತುದಿಯಿಂದ ಸುಣ್ಣದ ಗೆರೆ ಕೆದಕುತ್ತಿದ್ದರು.

"ಎಲ್ಲ ಸರಿ ರತ್ನಕ್ಕ. ಆದರೆ ರಸ್ತೆಗೆ ಬೆನ್ನು ಹಾಕಿದ ಮಾರ್ಕೆಟು ಎಲ್ಲಿಯಾದರೂ ಉಂಟಾ? ಬಸ್ಸಿನಲ್ಲಿ ಹೋಗುವವರಿಗೆ ಎಂತ ಕಾಣಬೇಕು? ಬರೀ ಗೋಡೆಯಾ?"

ಅಣ್ಣ ನಕ್ಷೆ ಸುತ್ತತೊಡಗಿದ. ಇಷ್ಟು ದೂರ ಬಂದದ್ದು ಇಲ್ಲಿ ನಿಂತುಹೋಗುತ್ತದೆ ಎಂದು ನನಗೂ ಅನ್ನಿಸಿತು.

ಅಮ್ಮ ತಲೆಯ ಬುಟ್ಟಿಯನ್ನು ಅಪ್ಪಿಯಕ್ಕನ ಕೈಗೆ ಇಳಿಸಿ, ರಸ್ತೆಯ ಅಂಚಿಗೆ ನಡೆದು ತಿರುಗಿ ನಿಂತಳು.

"ಶೆಟ್ರೇ, ಬಾಯಿ ಈ ಕಡೆಗಿದ್ದರೆ ಬಸ್ಸಿನವರಿಗೆ ನಮ್ಮ ಮುಖ ಕಾಣುತ್ತದೆ. ನಿಮ್ಮ ಹೆಸರಿನ ಕಲ್ಲನ್ನು ಎಲ್ಲಿ ಇಡುವುದು? ಒಂದು ಕಂಬದ ಮೇಲೆ, ಅಂಗೈಯಷ್ಟು. ಗೋಡೆ ಈ ಕಡೆಗಿದ್ದರೆ ಮೂಲೆಯಿಂದ ಮೂಲೆಗೆ ಬರೆಯಬಹುದು. ಕಾಪುವಿಗೆ ಹೋಗುವವನೂ ಓದುತ್ತಾನೆ, ಬರುವವನೂ ಓದುತ್ತಾನೆ."

ಶೆಟ್ರು ರಸ್ತೆಯನ್ನು ನೋಡಿದರು. ಅತ್ತ ಒಮ್ಮೆ, ಇತ್ತ ಒಮ್ಮೆ. ಉಡುಪಿಯ ಕಡೆಯಿಂದ ಒಂದು ಬಸ್ಸು ಬಂದು ದಾಟಿ ಹೋಯಿತು. ಅದರ ಕಿಟಕಿಗಳ ಸಾಲನ್ನು ಅವರು ಕೊನೆಯವರೆಗೆ ನೋಡಿದರು.

"ಯಾವ ಬಣ್ಣದಲ್ಲಿ?" ಎಂದರು.

"ನೀಲಿ," ಎಂದರು ತೆರೆಸಾ ಬಾಯಮ್ಮ. "ಬಿಳಿಯ ಮೇಲೆ ನೀಲಿ ದೂರಕ್ಕೆ ಕಾಣುತ್ತದೆ."

"ಬರೆ ಭೋಜ," ಎಂದರು ಶೆಟ್ರು. "ಸಾರ್ವಜನಿಕರ ಸಲಹೆಯ ಮೇರೆಗೆ ನಕ್ಷೆ ತಿದ್ದುಪಡಿ. ಇಪ್ಪತ್ತನಾಲ್ಕು ಜಾಗ. ಚೀಟಿ ಇಲ್ಲ." ಸ್ವಲ್ಪ ತಡೆದು, "ಮುಂದಿನ ತಿಂಗಳು ನಿನ್ನ ಕಾಗದವನ್ನೂ ತಾ. ತಪ್ಪನ್ನು ಎದುರಿಗೇ ಒಪ್ಪುವ ಗುಮಾಸ್ತ ಈ ತಾಲೂಕಿನಲ್ಲಿ ಬೇರೆ ಇದ್ದ ಹಾಗೆ ಇಲ್ಲ."

ಮುರಕಲ್ಲು ಎಪ್ರಿಲಿನಲ್ಲಿ ಬಂತು, ಹಂಚು ಮೇ ಕೊನೆಗೆ ಏರಿತು. ಆ ಎರಡು ತಿಂಗಳು ಅಮ್ಮ ಮೇಸ್ತ್ರಿಯನ್ನು ಬಿಡಲಿಲ್ಲ. ನೀರು ಹೋಗುವ ತೋಡಿನ ಇಳಿಜಾರು ಸರಿಯುಂಟಾ ಅಂತ ದಿನವೂ ಒಂದು ಕೊಡ ನೀರು ಹೊಯ್ದು ನೋಡುತ್ತಿದ್ದಳು. ಮನೆಯಲ್ಲಿ ಅತ್ತಿಗೆಗೂ ಬಿಡುವಿರಲಿಲ್ಲ. ಅರ್ಜಿ ಬರೆಸಲು ಮೇಲಿನ ಕೇರಿಯವರು ಬರತೊಡಗಿದ್ದರು. ಅವಳು ಹೇಳುವಳು, ನಾನು ಬರೆಯುವೆನು. ಅಣ್ಣ ಮಾತ್ರ ಸ್ಟ್ಯಾಂಪ್ ಪ್ಯಾಡನ್ನು ಆಫೀಸಿನಲ್ಲೇ ಬೀಗ ಹಾಕಿ ಬರುತ್ತಿದ್ದ.

ಜೂನಿನಲ್ಲಿ ಮಳೆ ಹಿಡಿಯಿತು. ಬಲೆಗಳು ದಡ ಸೇರಿದ್ದವು. ಹೊಳೆಮೀನು, ಒಣಮೀನು ಮಾರುವ ಕಾಲ. ಅಮ್ಮನಿಗೆ ಗಂಜಿ ಕೊಡಲು ನಾನು ಮಾರ್ಕೆಟಿಗೆ ಹೋದಾಗ ಪಡುವಣ ಗಾಳಿ ಗೋಡೆಗೆ ಅಪ್ಪಳಿಸುತ್ತಿತ್ತು. ಗೋಡೆಯ ಆಚೆ ಶೆಟ್ರ ಹೆಸರು ನೆನೆಯುತ್ತಿತ್ತು, ಈಚೆ ಇಪ್ಪತ್ತಮೂರು ಹೆಂಗಸರು ಒಣಗಿದ ಸೀರೆಯಲ್ಲಿ ಕುಳಿತು ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ಇಪ್ಪತ್ತನಾಲ್ಕನೆಯ ಜಾಗದಲ್ಲಿ ಬೆಕ್ಕು ಮಲಗಿತ್ತು.

ಶೆಟ್ರು ಕೊಡೆ ಮಡಚಿ ಒಳಗೆ ಬಂದರು, ಹಿಂದೆ ಅಣ್ಣ, ಕಂಕುಳಲ್ಲಿ ಸುತ್ತಿದ ನಕ್ಷೆ.

"ರತ್ನಕ್ಕ, ಶಾಲೆಯ ಹತ್ತಿರದ ತೋಡಿಗೆ ಒಂದು ಮೋರಿ ಹಾಕಬೇಕು ಅಂತ ಉಂಟು. ಗೆರೆ ಎಳೆದ ಮೇಲೆ ತಿದ್ದುವುದಕ್ಕಿಂತ ಎಳೆಯುವ ಮೊದಲೇ ಕೇಳುವ ಅಂತ ಬಂದೆ."

ಅಮ್ಮ ತಲೆ ಎತ್ತಲಿಲ್ಲ. ಅವಳ ಮುಂದೆ ತೆರೆಸಾ ಬಾಯಮ್ಮ ಒಂದು ಮುಗುಡು ಮೀನನ್ನು ಬಾಲ ಹಿಡಿದು ಎತ್ತಿ, ನಿನ್ನೆಯದ್ದೋ ಇವತ್ತಿನದ್ದೋ ಎಂದು ವಾದಿಸುತ್ತಿದ್ದರು.

"ಈಗ ಹತ್ತು ಗಂಟೆ ಶೆಟ್ರೇ," ಎಂದಳು. "ಹನ್ನೊಂದೂವರೆಗೆ ಬನ್ನಿ. ಆಗ ಬುಟ್ಟಿ ಅರ್ಧ ಖಾಲಿ ಇರುತ್ತದೆ, ಬಾಯಿಯೂ ಖಾಲಿ ಇರುತ್ತದೆ. ಆ ತೋಡಿನ ಬದಿಯ ಮನೆಯವರೂ ಆ ಹೊತ್ತಿಗೆ ಮೀನಿಗೆ ಬರುತ್ತಾರೆ, ಅವರನ್ನೂ ಕೇಳಬಹುದು."

ಶೆಟ್ರು ಅಣ್ಣನ ಮುಖ ನೋಡಿದರು. ಅಣ್ಣ ಪುಸ್ತಕ ತೆರೆದು ಸಮಯ ಬರೆದುಕೊಂಡ. ಹೊರಗೆ ಮಳೆ ಜೋರಾಗಿತ್ತು, ಹೋಗುವ ಹಾಗಿರಲಿಲ್ಲ. ಶೆಟ್ರು ಬೆಕ್ಕನ್ನು ಮೆಲ್ಲಗೆ ಆಚೆ ಸರಿಸಿ, ಇಪ್ಪತ್ತನಾಲ್ಕನೆಯ ಜಾಗದಲ್ಲಿ ಕುಳಿತುಕೊಂಡರು.